ಅಕ್ಕನ ಹಲ್ಲು ನುಂಗಿದ ಭರಣಿ

ಮರ ಕಡೆಯುವ ತಮ್ಮನ ಆ ಭರಣಿ ಎಂಥದ್ದು ಅಂತೀರಿ! ಈರುಳ್ಳಿ ಸಿಪ್ಪೆಯಷ್ಟು ತೆಳು. ಒಳಗೆ ಬಲ್ಬು ಇಟ್ಟರೆ ಹೊರಗೆ ಕೂತು ಪೇಪರು ಓದಬಹುದು. ಮುಚ್ಚಳವನ್ನು ಬಾಯಿಯ ಮೇಲಿಟ್ಟು ಕೈ ಬಿಟ್ಟರೆ ಸಾಕು, ಹೊಟ್ಟೆ ಬಿರಿಯ ಉಂಡವರು ಆರಾಮಕುರ್ಚಿಗೆ ಇಳಿದ ಹಾಗೆ ಉಸ್ಸೆಂದು ತಾನೇ ಇಳಿದು ಕೂರುತ್ತಿತ್ತು. ಇದಕ್ಕೂ ಮೊದಲಿನ ಹದಿನಾರೂ ಕಡೆಯುವಾಗ ಲೇತಿನ ಮೇಲೇ ಚೂರಾಗಿ ಒಲೆ ಸೇರಿದ್ದವು. ಇದು ಹದಿನೇಳನೆಯದು, ನಾಳೆ ಪ್ರದರ್ಶನಕ್ಕೆ ಹೋಗಬೇಕಾದದ್ದು. ಮೂರು ದಿನದಿಂದ ಅವನು ಅದರ ಮುಂದೆ ಸೀನಿಯೂ ಇರಲಿಲ್ಲ.

ಅಂಥ ಭರಣಿಯೊಳಗೆ ಅಕ್ಕ ತನ್ನ ಹಲ್ಲಿನ ಸೆಟ್ಟು ಇಟ್ಟು ಮುಚ್ಚಳ ಹಾಕಿದ್ದಳು.

ಅವಳದ್ದೇನು ತಪ್ಪು ಹೇಳಿ. ಗಂಡ ತೀರಿಹೋಗಿ ಒಂಬತ್ತು ವರ್ಷ. ಇವತ್ತು ನಾಲ್ಕು ಗಂಟೆಗೆ ಬ್ಯಾಂಡ್ ಮಾಸ್ಟ್ರು ಟೀಗೆ ಬರುವವರಿದ್ದರು, ಒಂದು ಮಾತು ಕೇಳುವುದಿದೆ ಎಂದು ಹೇಳಿ ಕಳಿಸಿದ್ದರು. ಅರವತ್ತೆರಡರ ಅಕ್ಕ ಬೆಳಗಿನಿಂದ ನೆಲಕ್ಕೆ ಕಾಲು ತಾಗಿಸಿದ್ದನ್ನು ಯಾರೂ ಕಂಡಿಲ್ಲ. ಹಲ್ಲನ್ನು ಫಳಫಳ ತೊಳೆದು ನೋಡುತ್ತಾಳೆ, ಹಲ್ಲಿಡುವ ಲೋಟದಲ್ಲಿ ತಮ್ಮ ಮೆರುಗೆಣ್ಣೆಯ ಬ್ರಷ್ ನೆನೆಹಾಕಿದ್ದಾನೆ. ಕೈಗೆ ಸಿಕ್ಕಿದ್ದು ಭರಣಿ. ತಲೆ ಬಾಚಿ ಬಂದೆ ಎಂದು ಹೋದವಳನ್ನು ಕನ್ನಡಿ ಬಿಟ್ಟಿದ್ದು ಒಂದೂವರೆ ಗಂಟೆ ಕಳೆದ ಮೇಲೆ.

ಭರಣಿಯ ಒಳಮೈಗೆ ಇನ್ನೂ ಮೆರುಗು ಹಚ್ಚಿರಲಿಲ್ಲ. ಒದ್ದೆ ಹಲ್ಲಿನ ನೀರನ್ನೆಲ್ಲ ಮರ ಕುಡಿದು ಉಬ್ಬಿತು. ಮುಚ್ಚಳ ಕಚ್ಚಿಕೊಂಡಿತು.

ತಮ್ಮ ಎಳೆದ, ತಿರುಗಿಸಿದ, ಕಾಲಿನ ಮಧ್ಯೆ ಇರುಕಿಸಿಕೊಂಡು ತಿಣುಕಿದ. ಒಳಗೆ ಹಲ್ಲು ಕಟಕಟ ಎಂದವೇ ಹೊರತು ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಬಿಸಿಗೆ ಹಿಡಿದರೆ ಬಿರುಕು ಬಿಡುತ್ತದೆ, ಗಾಳಿಗೆ ಬಿಟ್ಟರೆ ಮೂರು ದಿನ. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ.

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಮರದ ಸುರುಳಿಗಳ ಮಧ್ಯೆ ಸ್ಟೂಲಿನ ಮೇಲೆ ಕುಸಿದಳು. "ನಂಗೆ ಜ್ವರ ಅಂತ ಹೇಳಿ ಕಳಿಸಿಬಿಡೋ. ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು."

ತಮ್ಮ ಭರಣಿ ನೋಡಿದ, ಅಕ್ಕನನ್ನು ನೋಡಿದ. ಹದಿನಾರು ಸಲ ಅವನು ತಲೆ ಮೇಲೆ ಕೈ ಹೊತ್ತು ಕೂತಾಗಲೂ, ಇನ್ನೊಂದು ಮಾಡಿದರಾಯಿತು ಎಂದು ಊಟಕ್ಕೆ ಎಬ್ಬಿಸಿದವಳು ಇವಳೇ. ಗೂಟದಲ್ಲಿದ್ದ ಗರಗಸ ತೆಗೆದ.

"ಇನ್ನೊಂದು ಮಾಡಿದ್ರಾಯ್ತು ಬಿಡಕ್ಕ."

ಗರಗಸ ಇನ್ನೇನು ತಾಗಬೇಕು, ಬಾಗಿಲಲ್ಲಿ ಮಾಸ್ಟ್ರು. ಇಷ್ಟು ಚೆಂದದ್ದನ್ನು ಕುಯ್ಯುವುದುಂಟೇ ಎಂದು ಗಾಬರಿಯಾದರು. ಅಕ್ಕ ಗೋಡೆಗೆ ಮುಖ ಮಾಡಿಬಿಟ್ಟಳು. ಒಳಗೆ ಅಕ್ಕನ ಒಡವೆ ಸಿಕ್ಕಿಕೊಂಡಿದೆ ಎಂದು ತಮ್ಮ ಬಾಯಿಗೆ ಬಂದದ್ದು ಹೇಳಿದ.

ಮಾಸ್ಟ್ರು ನಕ್ಕರು. ಬ್ಯಾಂಡಿನ ತುತ್ತೂರಿಗಳಲ್ಲಿ ಬಾಯಿಗಿಟ್ಟು ಊದುವ ತುಂಡು ಕೊಳವೆಗೆ ಸಿಕ್ಕಿಕೊಳ್ಳುವುದು ವಾರಕ್ಕೊಮ್ಮೆ ಇದ್ದದ್ದೇ. ಎಳೆದರೆ ಅದು ಹಟ ಹಿಡಿಯುತ್ತದೆ, ಸುತ್ತಲೂ ತಟ್ಟಿ ಪುಸಲಾಯಿಸಬೇಕಂತೆ. ಮರದ ಚಮಚ ಇಸಿದುಕೊಂಡು ಮುಚ್ಚಳದ ಅಂಚಿಗೆ ತಟ್ಟತೊಡಗಿದರು. ಟಕಟಕ ಟಂ, ಟಕಟಕ ಟಂ. ಸುಮ್ಮನೆ ತಟ್ಟುವುದು ಆ ಕೈಗೆ ಗೊತ್ತಿದ್ದರೆ ತಾನೆ, ಎರಡನೇ ಸುತ್ತಿಗೆ ಮೆರವಣಿಗೆಯ ಮಟ್ಟಾಯಿತು. ಮೂರನೆಯದಕ್ಕೆ ತಮ್ಮನ ಕಾಲು ತಾಳ ಹಾಕಿತು. ನಾಲ್ಕನೆಯದಕ್ಕೆ ಗೋಡೆ ಕಡೆ ತಿರುಗಿದ್ದ ಅಕ್ಕನ ಭುಜವೂ ಕುಣಿಯಿತು. ಐದನೆಯದಕ್ಕೆ ಮುಚ್ಚಳ ಪುಸಕ್ಕೆಂದು ಮೇಲೆದ್ದಿತು.

ಮಾಸ್ಟ್ರು ಬಗ್ಗಿ ನೋಡಿದರು. ಒಳಗಿಂದ ಎರಡು ಸಾಲು ಹಲ್ಲು ಅವರನ್ನೇ ನೋಡಿ ನಗುತ್ತಿದ್ದವು.

ಅಕ್ಕ ಇನ್ನು ಗೋಡೆಯೊಳಕ್ಕೇ ಹೋಗಿಬಿಡುತ್ತಾಳೆ ಅಂದುಕೊಂಡ ತಮ್ಮ. ಮಾಸ್ಟ್ರು ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಹತ್ತಿರ ಹೋದರು.

"ತಗೊಳ್ಳಿ. ನನ್ನ ಸೆಟ್ಟು ಟೀ ಲೋಟದಲ್ಲಿ ಇಟ್ಕೋತೀನಿ. ಒಂದ್ಸಲ ಮರೆತು ಅದರ ಮೇಲೇ ಟೀ ಬಗ್ಗಿಸ್ಕೊಂಡಿದ್ದೆ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಅಡ್ಡ ಹಿಡಿದ ಕೈ ಎಲ್ಲಿ ಹೋಯಿತೋ, ಹಲ್ಲಿಲ್ಲದ ಬೊಚ್ಚುಬಾಯಲ್ಲಿ ಅವಳು ನಕ್ಕ ಜೋರಿಗೆ ಕಿಟಕಿಯ ಗಾಜು ಉಳಿದದ್ದೇ ಹೆಚ್ಚು. ಅವಳು ನಗುವುದನ್ನೇ ನೋಡುತ್ತ ಮಾಸ್ಟ್ರು ತಮ್ಮನಿಗೆ ಹೇಳಿದರು, "ಒಳಗೆ ಎರಡು ಮನೆ ಇರೋ ಭರಣಿ ಒಂದು ಮಾಡ್ಕೊಡ್ತೀರಾ? ಒಂದು ನಿಮ್ಮಕ್ಕನದಕ್ಕೆ, ಒಂದು ನನ್ನದಕ್ಕೆ. ಇದನ್ನೇ ಕೇಳೋಣ ಅಂತ ಬಂದೆ ಅಂದ್ಕೊಳ್ಳಿ."

ತಮ್ಮ ಅಕ್ಕನ ಮುಖ ನೋಡಿದ. ಅವಳು ಹಲ್ಲು ಹಾಕಿಕೊಳ್ಳುವಷ್ಟೂ ಕಾಯಲಿಲ್ಲ.

"ಈ ಸಲ ಒಳಗೂ ಮೆರುಗು ಹಚ್ಚೋ, ಮರೀಬೇಡ."