ಪಾರ್ವತೆಮ್ಮ ಬಿಟ್ಟ ಸಾಲು

ಕಳಕಮ್ಮ ಅರವತ್ತು ದಾಟಿದ ಮೇಲೆ ಅಕ್ಷರ ಕಲಿತದ್ದೇ ತಪ್ಪಾಯಿತು ನೋಡಿ. ತೊಂಬತ್ತೊಂಬತ್ತರ ಮಾತು. ಸಾಕ್ಷರತೆಯ ಕ್ಲಾಸಿಗೆ ಹೋದವಳು ಬಸ್ಸಿನ ಬೋರ್ಡು ಓದಿಕೊಂಡು ಸುಮ್ಮನಿರಬಾರದೇ? ಒಬ್ಬಳೇ ಮಗಳು ಲಲಿತಾ ಕುಷ್ಟಗಿಯ ಆಸ್ಪತ್ರೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಾಗ, ಹೊರಗಿನ ಬೆಂಚಿನ ಮೇಲೆ ಪಾರ್ವತೆಮ್ಮನ ಪಕ್ಕ ಕೂತು ಅವಳ ಬೈಬಲ್ಲನ್ನು ಬೆರಳಿಟ್ಟು ಓದಿದಳು. ಒಂದು ಸಾಲಿಗೆ ಬಂದು ಬೆರಳು ನಿಂತಿತು.

ಲಲಿತಾಳ ಮೊದಲೆರಡು ಕೂಸುಗಳು ಹುಟ್ಟುವಾಗಲೇ ಹೋಗಿದ್ದವು. ಎರಡನೆಯದನ್ನು ಮಣ್ಣು ಮಾಡಿ ಬಂದ ದಿನ ಕಳಕಮ್ಮ ಪಕ್ಕದ ಓಣಿಯ ಪಾರ್ವತೆಮ್ಮನ ಮುಂದೆ ಎದೆ ಬಿಚ್ಚಿಕೊಂಡಿದ್ದಳು.

"ಇದು ನಮ್ಮಪ್ಪ ಮಾಡಿದ ಪಾಪ. ನಮ್ಮ ತವರು ಹುಲಿಹೈದರದಾಗ ಬರ ಬಿದ್ದ ವರ್ಷ ನಮ್ಮ ಬಾವಿಗೆ ಮುಳ್ಳ ಹಚ್ಚಿದ. ಕೇರಿ ಹೊಳಿಯಮ್ಮ ಕೂಸಿನ್ನ ಬೆನ್ನಿಗೆ ಕಟಗೊಂಡು, ಬೊಗಸಿ ಒಡ್ಡಿ ಮಧ್ಯಾಹ್ನದ ಮಟ ನಿಂತಳು. ಹನಿ ನೀರ ಹಾಕಲಿಲ್ಲ. ಕೂಸು ಅಲ್ಲೇ ಹೋತು."

ಪಾರ್ವತೆಮ್ಮ ಆಯಾ ಕೆಲಸದಿಂದ ನಿವೃತ್ತಳಾದವಳು, ಕ್ರಿಸ್ತನ ಒಕ್ಕಲು. ಅವತ್ತು ಕೇಳಿಸಿಕೊಂಡು ಎದ್ದು ಹೋದಳು. ಮರುದಿನದಿಂದ ದಿನಾ ಸಂಜೆ ತನ್ನ ಕಟ್ಟೆಯ ಮೇಲೆ ಕೂಡಿಸಿಕೊಂಡು ಒಂದೇ ಪುಟ ಓದತೊಡಗಿದಳು. ಮೋಶೆ ಬೆಟ್ಟ ಹತ್ತಿದಾಗ ದೇವರು ಮೋಡದಲ್ಲಿ ಇಳಿದು ಬಂದು ತನ್ನ ಗುಣ ತಾನೇ ಹೇಳಿಕೊಂಡ ಪುಟ. ಕರುಣೆಯುಳ್ಳವನು, ಸಿಟ್ಟಿಗೆ ಅವಸರ ಮಾಡದವನು, ಸಾವಿರ ತಲೆಮಾರಿಗೂ ಪ್ರೀತಿ ಕಾಯುವವನು. ಅಲ್ಲಿಗೆ ಪುಸ್ತಕ ಮುಚ್ಚುವಳು. ಯಾವ ದೇವರಾದರೇನು, ಹೊಟ್ಟೆ ತಣ್ಣಗಾದರೆ ಸಾಕು ಎಂದು ಕಳಕಮ್ಮ ಕೇಳುವಳು. ಆದರೆ ಆ ಮನೆಯ ನೀರನ್ನು ಒಂದು ದಿನವೂ ಮುಟ್ಟಲಿಲ್ಲ. "ಈಗರ ಕುಡದ ಬಂದೆ" ಎನ್ನುವಳು. ದೇವರು ನಡೆಯುತ್ತಿದ್ದ, ನೀರು ನಡೆಯುತ್ತಿರಲಿಲ್ಲ!

ಈಗ ಆಸ್ಪತ್ರೆಯ ಬೆಂಚಿನ ಮೇಲೆ ಮುಂದಿನ ಸಾಲು ಕಣ್ಣಿಗೆ ಬಿದ್ದಿತ್ತು. ಆ ದೇವರು ತಪ್ಪು ಮಾಡಿದವನನ್ನು ಸುಮ್ಮನೆ ಬಿಡುವವನಲ್ಲ. ತಂದೆಯ ಪಾಪವನ್ನು ಮೂರು ನಾಲ್ಕು ತಲೆಮಾರಿನ ತನಕ ವಿಚಾರಿಸುವವನು. ಅಪ್ಪ, ತಾನು, ಲಲಿತಾ. ಒಳಗಿರುವ ಕೂಸು ಸರಿಯಾಗಿ ನಾಲ್ಕನೆಯ ತಲೆಮಾರು.

"ಇದನ್ನ ಯಾಕ ಮುಚ್ಚಿಟ್ಟಿ ಪಾರ್ವತಿ? ಎರಡು ವರ್ಷ ಸುಳ್ಳ ಸಮಾಧಾನ ಹೇಳಿದ್ಯಾ?"

"ಸುಳ್ಳಲ್ರಿ ಅವ್ವಾರ. ಎರಡೂ ಅವನ ಮಾತ. ಆದ್ರ ಆ ಸಾಲು ನಾ ಓದೂ ಹಂಗಿರಲಿಲ್ಲ." ಪಾರ್ವತೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊಳಿಯಮ್ಮ ನಮ್ಮವ್ವ. ಆ ಕೂಸು ನನ್ನ ಅಕ್ಕ. ದೇವರ ಬಾಯಾಗ ಅದು ನ್ಯಾಯ. ನನ್ನ ಬಾಯಾಗ ಬಂದಿದ್ರ ಸೇಡು ಆಗ್ತಿತ್ತು."

ಶಿವನೇ! ಶಾಪ ಹಾಕುವ ಹಕ್ಕಿದ್ದ ಬಾಯಿಯೇ ಎರಡು ವರ್ಷ ತನಗೆ ಕರುಣೆಯನ್ನು ಓದಿ ಹೇಳಿತ್ತು.

"ಹಂಗಾದ್ರ... ಒಳಗಿನ ಕೂಸು?"

"ನನಗೇನ ಗೊತ್ರಿ. ನೀವು ರಾಶಿ ಅಳಿಯೂವಾಗ ಮೊದಲನೇ ಸೇರಿಗೆ ಒಂದು ಅಂತೀರೇನು?"

"ಇಲ್ಲ. ಲಾಭ ಅಂತೀವಿ."

"ಅವನೂ ಮೊದಲ ಲಾಭನ ಎಣಿಸ್ಯಾನ. ಕರುಣಿ ಸಾವಿರ, ಸಿಟ್ಟು ಮೂರು ನಾಕು. ನಾ ತಿಳಕೊಂಡಿದ್ದು ಇಷ್ಟ."

ಅಷ್ಟರಲ್ಲಿ ಒಳಗಿಂದ ಅಳು ಕೇಳಿತು. ತೆಳ್ಳಗೆ ಶುರುವಾಗಿ ಜೋರಾಯಿತು. ನರ್ಸು ಬಾಗಿಲು ಸರಿಸಿ, "ಹೆಣ್ಣು. ಇಬ್ರೂ ಛಲೋ ಅದಾರ" ಎಂದಳು. ಕಳಕಮ್ಮ ಬೆಂಚಿನಿಂದ ಇಳಿದು ನೆಲಕ್ಕೆ ಕೂತುಬಿಟ್ಟಳು. ಸಂತೋಷಕ್ಕಿಂತ ಮೊದಲು ಭಯವಾಯಿತು. ಹೊಡೆಯಲು ಎತ್ತಿದ ಕೈ ತಲೆ ಸವರಿದಾಗ ಆಗುವಂಥ ಭಯ.

ಬೆಳಗಿನಿಂದ ನೀರು ಕುಡಿದಿರಲಿಲ್ಲ. ಬೆಂಚಿನ ಮೇಲೆ ಪಾರ್ವತೆಮ್ಮ ಮನೆಯಿಂದ ತಂದ ಚಂಬು ಇತ್ತು. ಕಳಕಮ್ಮ ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು.

"ನೀರ ಹಾಕವಾ ಪಾರ್ವತಿ."

ಪಾರ್ವತೆಮ್ಮ ಆ ಬೊಗಸೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೀರು ಸುರಿಯದೆ, ಬಗ್ಗಿ, ಚಂಬನ್ನೇ ಅವಳ ಕೈಗಿಟ್ಟಳು.

ಕಳಕಮ್ಮ ಎತ್ತಿ ಕುಡಿಯಲಿಲ್ಲ. ಚಂಬಿಗೆ ತುಟಿ ಹಚ್ಚಿ ಕುಡಿದಳು.