ಐಸು ಕಾರ್ಖಾನೆಯ ಕೋಟು

ಹಡಗು ಮಧ್ಯಾಹ್ನ ಮೂರಕ್ಕೆ ಹೊರಡುವುದಿತ್ತು. ಭೂಮಿಯ ದಕ್ಷಿಣ ತುದಿಯ ಹಿಮದ ನೆಲಕ್ಕೆ ಹನ್ನೆರಡು ದಿನದ ಪಯಣ. ಹೊರಗಿನ ಒಂದು ಬೀಜವಾಗಲಿ, ಹುಲ್ಲಿನ ಎಳೆಯಾಗಲಿ ಅಲ್ಲಿಗೆ ಹೋಗಕೂಡದು. ಹಾಗಾಗಿ ಹತ್ತುವ ಮುಂಚೆ ಎಲ್ಲರ ಬೂಟು, ಬಟ್ಟೆಗಳ ತಪಾಸಣೆ. ಬಂದರಿನ ಉದ್ದನೆಯ ಕೊಠಡಿಯಲ್ಲಿ ಜನ ಬೆಂಚುಗಳ ಮೇಲೆ ಕೂತು ಮಕ್ಕಳ ಹಾಗೆ ಬೂಟು ತಿಕ್ಕುತ್ತಿದ್ದರು.

ಸಾಲಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ. ಅಕ್ಕನಿಗೆ ಅರವತ್ತೆಂಟು, ಈಗಲೂ ಟೈಲರಿಂಗ್ ಅಂಗಡಿ ನಡೆಸುವವಳು. ಅವಳಿಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ ಬಸ್ ಓಡಿಸಿ ನಿವೃತ್ತನಾದವನು. ಉಳಿದವರೆಲ್ಲ ಕಣ್ಣಿಗೆ ಹೊಡೆಯುವ ಬಣ್ಣದ ಹೊಸ ಜಾಕೆಟ್ ಹಾಕಿಕೊಂಡಿದ್ದರೆ, ಅಕ್ಕನ ಮೈಮೇಲೆ ಅಪ್ಪನ ಹಳೆಯ ದಪ್ಪ ಕಂಬಳಿ ಕೋಟು.

ಅಪ್ಪ ಐಸು ಕಾರ್ಖಾನೆಯ ಶೀತಲ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವನು. ಬೀದಿಯವರ ಬಾಯಲ್ಲಿ ಐಸಣ್ಣ. ಹೊರಗೆ ಬೆವರು ಕಿತ್ತು ಬರುವ ಸೆಕೆಯಲ್ಲೂ ಈ ಕೋಟು ತೊಟ್ಟು ಸೈಕಲ್ ತುಳಿಯುತ್ತಿದ್ದರೆ ಹೊಸಬರು ತಿರುಗಿ ನೋಡುತ್ತಿದ್ದರು. ರಜೆಯ ದಿನಗಳಲ್ಲಿ ಮಕ್ಕಳಿಬ್ಬರೂ ಬುತ್ತಿ ಕೊಡಲು ಹೋದರೆ, ಕೋಟಿನ ಎರಡು ಮಗ್ಗುಲಲ್ಲಿ ಒಬ್ಬೊಬ್ಬರನ್ನು ಸುತ್ತಿಕೊಂಡು ಒಳಗೆ ಕರೆದೊಯ್ದು, ಮರದ ಹೊಟ್ಟಿನಲ್ಲಿ ಹೂತಿಟ್ಟ ಐಸಿನ ದಿಮ್ಮಿಗಳನ್ನು ತೋರಿಸುತ್ತಿದ್ದ. ಯಾರೂ ಮಾಡದೆ ತಾನಾಗೇ ಆದ ಐಸು ಬೆಟ್ಟದಷ್ಟು ದೊಡ್ಡದಿರುತ್ತದಂತೆ ಎಂದು ಅವನು ಹೇಳಿದ್ದು ಅಲ್ಲೇ. ಅಪ್ಪ ಸತ್ತ ಮೇಲೆ ಅಕ್ಕ ಕೋಟಿನ ತೋಳು ಗಿಡ್ಡ ಮಾಡಿ ತನ್ನ ಅಳತೆಗೆ ತಂದಿದ್ದಳು. ಒಳಗಿನ ಲೈನಿಂಗ್ ಮಾತ್ರ ಮುಟ್ಟಿರಲಿಲ್ಲ. ಅದರ ತೇಪೆ ಅಪ್ಪನೇ ಗೋಣಿದಾರದಲ್ಲಿ ಹಾಕಿದ್ದು.

ತಪಾಸಣೆಯ ಹುಡುಗಿ ಕೋಟಿನ ಅಂಚನ್ನು ಅಲ್ಲಲ್ಲಿ ಹಿಸುಕಿ ನೋಡಿದಳು.

"ಅಮ್ಮ, ಒಳಗೆ ಏನೋ ಇದೆ. ಇದನ್ನ ಬಿಚ್ಚಬೇಕಾಗುತ್ತೆ. ಇಲ್ಲಾಂದ್ರೆ ಕೋಟು ಇಲ್ಲೇ ಬಿಟ್ಟು ಹೋಗಿ."

"ನಾನೇ ಬಿಚ್ತೀನಿ," ಎಂದಳು ಅಕ್ಕ. "ಒಂದು ಸಣ್ಣ ಕತ್ತರಿ ಕೊಡು."

ಊರಿನವರ ಹೊಲಿಗೆಯನ್ನೆಲ್ಲ ಕಣ್ಣುಮುಚ್ಚಿ ಬಿಚ್ಚುತ್ತಿದ್ದವಳು ಇದೊಂದನ್ನು ಎಳೆ ಎಳೆಯಾಗಿ ನೋಡಿ ಕತ್ತರಿಸತೊಡಗಿದಳು. ನಾಲ್ಕನೆಯ ಎಳೆ ಕತ್ತರಿಸುತ್ತಲೇ ಮೇಜಿನ ಮೇಲೆ ಒಂದು ಹಿಡಿ ಮರದ ಹೊಟ್ಟು ಸುರಿಯಿತು. ಅದರ ಜೊತೆಗೆ ಹಿತ್ತಾಳೆಯ ಬಿಲ್ಲೆಯೊಂದು ಠಣ್ ಎಂದು ಬಿತ್ತು. ಮೇಲೆ ಕೊರೆದ ಸಂಖ್ಯೆ ನಲವತ್ತೊಂದು.

ತಮ್ಮ ಬೂಟು ಕೆಳಗಿಟ್ಟು ಎದ್ದು ಬಂದ.

ಅದು ಅಪ್ಪನ ಹಾಜರಿ ಬಿಲ್ಲೆ. ತಮ್ಮನಿಗೆ ಎಂಟು ವರ್ಷವಿದ್ದಾಗ ಅದು ಕಳೆದುಹೋಗಿತ್ತು. ಬಿಲ್ಲೆಯಿಲ್ಲದ ಅಪ್ಪನನ್ನು ಮೂರು ದಿನ ಗೇಟಿನ ಹೊರಗೇ ನಿಲ್ಲಿಸಿದ್ದರು. ಅದು ಕಳೆಯುವ ಮೊದಲು ಅದನ್ನು ಹಿಡಿದು ಆಡುತ್ತಿದ್ದವನು ತಮ್ಮ. ಕೋಟಿನ ಒಳಜೇಬಿಗೇ ವಾಪಸು ಹಾಕಿದೆ ಎಂದು ಎಷ್ಟು ಬಾರಿ ಹೇಳಿದರೂ ಯಾರೂ ನಂಬಲಿಲ್ಲ. ಅಪ್ಪ ಅವನಿಗೆ ಹೊಡೆದದ್ದು ಜನ್ಮದಲ್ಲಿ ಆ ಒಂದೇ ಸಲ.

ಈಗ ನೋಡಿದರೆ ಆ ಒಳಜೇಬಿನ ಮೂಲೆಯಲ್ಲಿ ಬೆರಳು ತೂರುವಷ್ಟು ತೂತಿತ್ತು.

"ಹಾಕಿದ್ದೆ ಅಲ್ವಾ ಅಕ್ಕ," ಎಂದ ತಮ್ಮ. ದನಿ ಸಣ್ಣಗಿತ್ತು. "ಆಮೇಲಾಮೇಲೆ ನನಗೇ ಅನುಮಾನ ಬಂದುಬಿಟ್ಟಿತ್ತು. ಸುಳ್ಳು ಹೇಳಿದ್ನೇನೋ ಅಂತ."

"ನಾನೂ ನಂಬಲಿಲ್ಲ ಕಣೋ. ಅವನೇ ಬಾವಿಗೆ ಎಸೆದಿರ್ತಾನೆ ಅಂತ ಅಪ್ಪನಿಗೆ ಹೇಳಿದ್ದು ನಾನೇ."

"ಗೊತ್ತು. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದೆ."

ಐವತ್ತೇಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನು ತನ್ನ ಮನೆಗೆ ಬಂದು ಉಂಡು ಹೋಗಿದ್ದಾನೆ! ಅಕ್ಕ ಕತ್ತರಿ ಕೆಳಗಿಟ್ಟಳು. ಅವನ ತೋಳು ಹಿಡಿದು, "ತಪ್ಪಾಯ್ತಪ್ಪ," ಎಂದಳು.

ಹುಡುಗಿ ಹೊಟ್ಟನ್ನು ಕಸ ಹೀರುವ ಯಂತ್ರದ ಕೊಳವೆಯಲ್ಲಿ ಎಳೆದುಕೊಳ್ಳುವ ಮೊದಲು ಸ್ವಲ್ಪ ತಡೆದಳು. ಅಕ್ಕ ಚಿಟಿಕೆ ಹೊಟ್ಟು ಮೂಗಿಗೆ ಹಿಡಿದಳು. ಹಳೇ ಮರದ ವಾಸನೆ, ಅಷ್ಟೇ. ತಾನಾಗಿಯೇ ವಾಪಸು ಸುರಿದಳು. ಬಿಲ್ಲೆಯನ್ನು ಹುಡುಗಿ ಔಷಧದ ನೀರಿನಲ್ಲಿ ತೊಳೆದು ತಮ್ಮನ ಕೈಗೆ ಕೊಟ್ಟಳು.

ಹಡಗು ದಡ ಬಿಟ್ಟಾಗ ಇಬ್ಬರೂ ಕಟಾಂಜನ ಹಿಡಿದು ನಿಂತಿದ್ದರು. ಗಾಳಿ ಆಗಲೇ ಕೊರೆಯುತ್ತಿತ್ತು.

"ಇದು ಈಗ ಸಿಕ್ಕಿದ್ದು ಅಪ್ಪನಿಗೆ ಗೊತ್ತಾಗಿದ್ರೆ ಏನಂತಿದ್ದ?" ತಮ್ಮ ಕೇಳಿದ.

"ಏನೂ ಅಂತಿರಲಿಲ್ಲ. ತಗೊಂಡು ಕೆಲಸಕ್ಕೆ ಹೋಗ್ತಿದ್ದ."

ತಮ್ಮ ಬಹಳ ಹೊತ್ತು ನಕ್ಕ. ಆಮೇಲೆ ಮುಖ ಒರೆಸಿಕೊಂಡು, ಒಳಗೆ ಚಹಾ ಕೊಡುತ್ತಿದ್ದಾರಂತೆ, ಆರುವ ಮುಂಚೆ ಹೋಗೋಣ ಎಂದ.