ತಾಮ್ರದ ಬಿಂದಿಗೆ, ಕೆಂಪು ಸೀಗಡಿ

ಬಾಗಲೂರಿನ ಆಚೆಗಿರುವ ಆ ಊರಿನಲ್ಲಿ ಪಾರ್ವತಮ್ಮನ ಕೈಗುಣದ ಮಾತು ಎತ್ತಿದರೆ ಎದುರಾಡುವವರೇ ಇರಲಿಲ್ಲ. ತಾಯಿ ಸತ್ತ ಕರು ಅವಳ ಕೈಯಲ್ಲಿ ಎದ್ದು ನಿಂತಿತ್ತು. ಒಣಗಿದ ಕರಿಬೇವಿನ ಕಡ್ಡಿ ಚಿಗುರಿತ್ತು. ರೇಷ್ಮೆ ಸಾಕಿದ ಹದಿನೆಂಟು ವರ್ಷದಲ್ಲಿ, ಊರವರ ಹುಳುಗಳೆಲ್ಲ ರೋಗಕ್ಕೆ ಸಿಕ್ಕಿ ತಿಪ್ಪೆ ಸೇರಿದ ವರ್ಷವೂ ಇವಳ ಚಂದ್ರಿಕೆಯ ಬಿದಿರು ತಟ್ಟಿಯಲ್ಲಿ ಗೂಡು ತುಂಬಿದ್ದವು. ಈಗ ರೇಷ್ಮೆ ಬಿಟ್ಟು ಟೊಮೆಟೊ ಹಿಡಿದಿದ್ದರು, ಆದರೆ ಹೆಸರು ಹಾಗೇ ಉಳಿದಿತ್ತು.

ಅಂಥ ಕೈ ಒಂದೇ ದಿನದಲ್ಲಿ ಹತ್ತು ಜೀವ ತೆಗೆಯಿತು. ಅದೂ ಪ್ರೀತಿಯಿಂದ.

ಮಗ ದೂರದ ಊರಿನ ಕೆಲಸದಲ್ಲಿದ್ದ. ಸೊಸೆ ಭಾನು ಮದುವೆಯಾಗಿ ಬಂದು ವರ್ಷವಾಗಿತ್ತು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಗೆ ಇಳಿಯುವವಳು. ಮಾತು ಕಡಿಮೆ. ಇದು ಬೇಕು, ಅದು ಬೇಡ ಎಂದವಳಲ್ಲ. ಆ ಹುಡುಗಿ ಒಂದು ಭಾನುವಾರ ಒಂದೂವರೆ ಅಡಿಯ ಗಾಜಿನ ತೊಟ್ಟಿ ತಂದು ನಡುಮನೆಯ ಬೆಂಚಿನ ಮೇಲಿಟ್ಟು, ಹತ್ತು ಕೆಂಪು ಸೀಗಡಿ ಬಿಟ್ಟಳು. ಒಂದೊಂದೂ ಉಗುರಿನಷ್ಟು. ಮಾವ ವೆಂಕಟೇಶಪ್ಪ ಬಗ್ಗಿ ನೋಡಿ, "ಹುರಿಯಾಕೆ ಒಂದು ಹಿಡೀನೂ ಆಗಲ್ವಲ್ಲಮ್ಮಿ," ಎಂದ. ಭಾನು ನಕ್ಕಳು. ಆ ಮನೆಯಲ್ಲಿ ಅವಳು ಬಾಯಿ ಬಿಟ್ಟು ನಕ್ಕಿದ್ದನ್ನು ಪಾರ್ವತಮ್ಮ ಕಂಡದ್ದು ಅದೇ ಮೊದಲು.

ಬೇಸಿಗೆ. ನಾಲ್ಕೇ ದಿನಕ್ಕೆ ತೊಟ್ಟಿಯ ನೀರು ಎರಡು ಬೆರಳು ಇಳಿಯಿತು. ಭಾನು ಕೆಲಸಕ್ಕೆ ಹೋಗಿದ್ದಳು. ಪಾರ್ವತಮ್ಮ ಅಡುಗೆಮನೆಗೆ ನಡೆದಳು. ದಿನಾ ಹುಣಸೆಹಣ್ಣು ಹಾಕಿ ಉಜ್ಜಿ, ರಾತ್ರಿಯೇ ನೀರು ತುಂಬಿಡುತ್ತಿದ್ದ ತಾಮ್ರದ ಬಿಂದಿಗೆಯೊಂದಿತ್ತು. ಅದರ ನೀರು ದೇವರಿಗೆ, ಆಮೇಲೆ ಮನೆಗೆ ಬಂದವರಿಗೆ. ಸೊಸೆಯ ಅತಿಥಿಗಳಿಗೆ ಬೋರಿನ ನೀರು ಕೊಡುವುದು ಯಾವ ಮರ್ಯಾದೆ? ಬಿಂದಿಗೆ ಎತ್ತಿ ಧಾರಾಳವಾಗಿ ಸುರಿದಳು.

ಸಂಜೆ ಭಾನು ಬರುವಷ್ಟರಲ್ಲಿ ಹತ್ತೂ ಅಡ್ಡ ಬಿದ್ದಿದ್ದವು.

ಭಾನು ಸೀಗಡಿ ಮಾರಿದ ಹೊಸೂರಿನ ಅಂಗಡಿಯ ಮುನೀಶನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು. "ತಾಮ್ರ ಏನಾದ್ರೂ ಸೋಕಿತಾ ಮೇಡಂ? ಸೀಗಡಿಗೆ ತಾಮ್ರ ಅಂದ್ರೆ ವಿಷ," ಎಂದಿತು ಅವನ ದನಿ. "ಇಲ್ವಲ್ಲ," ಎಂದಳು ಭಾನು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಪಾರ್ವತಮ್ಮ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಳ್ಳನ್ನು ನುಂಗಿ ಅರಗಿಸಿಕೊಳ್ಳುವ ಹೊಟ್ಟೆ ಅವಳದಲ್ಲ.

"ನಾನೇ ಕಣಮ್ಮಿ. ತಾಮ್ರದ ಬಿಂದಿಗೆ ನೀರು ಹುಯ್ದ್ಬುಟ್ಟೆ."

ಭಾನು ತಲೆ ತಗ್ಗಿಸಿ, "ಹೋಗ್ಲಿ ಬಿಡಿ ಅತ್ತೆ," ಎಂದಳು. ಬೈದಿದ್ದರೆ ವಾಸಿಯಿತ್ತು. ಅತ್ತ ಮುನೀಶ, ತನ್ನ ಮಾತು ಸ್ಪೀಕರಿನಲ್ಲಿ ಪಾರ್ವತಮ್ಮನಿಗೂ ಕೇಳುತ್ತಿದೆಯೆಂದು ಗೊತ್ತಿಲ್ಲದೆ, "ಅವರನ್ನ ತೊಟ್ಟಿ ಹತ್ರ ಬಿಡಬೇಡಿ ಮೇಡಂ. ವಯಸ್ಸಾದೋರ ಕೈಲಿ ಇದೆಲ್ಲ ಆಗಲ್ಲ," ಎಂದ.

ಆ ರಾತ್ರಿಯೇ ತಾಮ್ರದ ಬಿಂದಿಗೆ ಅಟ್ಟ ಸೇರಿತು. ತೊಟ್ಟಿ ಬಾಗಿಲ ಹಿಂದೆ ಸೇರಿತು. ಮರುದಿನ, ಅದರಲ್ಲಿ ಈರುಳ್ಳಿ ತುಂಬೋಣ ಎಂದ ವೆಂಕಟೇಶಪ್ಪ ಹೆಂಡತಿಯ ಮುಖ ನೋಡಿ ಮೆತ್ತಗೆ ಹೊಲದ ಕಡೆ ಹೊರಟ. ಭಾನು ಮೊದಲಿನಂತೆ ಮಾತು ಕಡಿಮೆಯವಳಾದಳು. ಪಾರ್ವತಮ್ಮನ ಸಂಕಟ ಸೀಗಡಿಗಳದ್ದಷ್ಟೇ ಅಲ್ಲ. ಈ ಹುಡುಗಿ ಇನ್ನು ತನ್ನದೆಂದು ಏನನ್ನೂ ಈ ಮನೆಗೆ ತರುವುದಿಲ್ಲ ಎಂಬ ಭಯ. ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋದರೆ ಇನ್ನೇನು ಉಳಿಯಿತು ಎಂಬ ಅವಮಾನ.

ಎಂಟನೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಹೊಸೂರಿನಲ್ಲಿಳಿದಳು.

"ನಾನೇ ಆ ತಾಮ್ರದ ಬಿಂದಿಗೆಯೋಳು," ಎಂದು ಮುನೀಶನ ಮುಂದೆ ನಿಂತಳು. ಅವನು ದಡಬಡಿಸಿ ಎದ್ದ. "ಈಗ ಹೇಳು, ಹೆಂಗೆ ಸಾಕೋದು?"

ಅವನು ಹೇಳಿದ. ತಾಮ್ರದ ನೀರು ಕುಡಿದ ಹಳೆಯ ಕಲ್ಲು ಎಸೆಯಬೇಕು. ತೊಟ್ಟಿಗೆ ಸೋಪು ಮುಟ್ಟಿಸಬಾರದು. ಪಾಚಿ ಹಾಕಿ, ಸ್ಪಂಜಿನ ಫಿಲ್ಟರ್ ಓಡಿಸಿ, ಒಂದು ತಿಂಗಳು ಬರೀ ನೀರನ್ನೇ ಹದಕ್ಕೆ ಬಿಡಬೇಕು. ಅಲ್ಲಿಯವರೆಗೆ ಒಂದು ಸೀಗಡಿಯನ್ನೂ ಕೊಡುವುದಿಲ್ಲ. "ಪೊರುಮೈ ಬೇಕಮ್ಮಾ, ಪೊರುಮೈ. ಕಾಯೋ ತಾಳ್ಮೆ ಬೇಕು."

"ಮೊಟ್ಟೆಯಿಂದ ಗೂಡಿನವರ್ಗೂ ಹುಳ ಕಾದೋಳಿಗೆ ಪೊರುಮೈ ಹೇಳ್ಕೊಡ್ತೀಯಾ? ಪಾಚಿ ಕಟ್ಟಿಕೊಡಪ್ಪ."

ತೊಟ್ಟಿ ಮತ್ತೆ ಬೆಂಚು ಹತ್ತಿತು. ಹಳ್ಳದ ಗುಂಡುಗಲ್ಲನ್ನು ಏಳು ನೀರಲ್ಲಿ ತೊಳೆದು ಹಾಕಿದಳು. ಫಿಲ್ಟರಿನ ವಯರನ್ನು ಭಾನು ಜೋಡಿಸಿಕೊಟ್ಟಳು. ಆಮೇಲೆ ಒಂದು ತಿಂಗಳು ಪಾರ್ವತಮ್ಮ ಖಾಲಿ ನೀರಿನ ಮುಂದೆ ಕೂತಳು. ಕೊಳಾಯಿ ಹತ್ತಿರ ಸಿಕ್ಕಿದವರಿಗೆಲ್ಲ ವೆಂಕಟೇಶಪ್ಪ, "ನಮ್ಮವಳು ನೀರು ಸಾಕ್ತಾವ್ಳೆ ಕಣ್ಲಾ. ಇನ್ನೂ ಮರಿ ಹಾಕಿಲ್ಲ," ಎಂದು ಹೇಳಿಕೊಂಡು ತಿರುಗಿದ. ಪಾರ್ವತಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಪ್ಪು ಹಾಕಿದ ಹಾಲನ್ನು ಅಲ್ಲಾಡಿಸಿದರೆ ಮೊಸರಾಗುತ್ತದೆಯೇ?

ತಿಂಗಳು ತುಂಬಿದ ದಿನ ಎಂಟು ಸೀಗಡಿ ಬಂದವು. ಹೊಸ ನೀರಿಗೆ ಒಗ್ಗಲಿ ಎಂದು ತೊಟ್ಟಿಯ ನೀರನ್ನು ಅವುಗಳ ಚೀಲಕ್ಕೆ ಚಮಚದಲ್ಲಿ ಎರಡು ಗಂಟೆ ಹೊತ್ತು ಹನಿಸಿದಳು. ಮಗುವಿಗೆ ಔಷಧಿ ಕುಡಿಸುವಷ್ಟು ನಿಧಾನ. ಆಮೇಲೆ ನಡುಮನೆಯಲ್ಲಿ ರೇಷ್ಮೆ ಹುಳುಮನೆಯ ಕಾನೂನು ಜಾರಿಗೆ ಬಂತು. ಊದುಬತ್ತಿ ಇಲ್ಲ. ಸೊಳ್ಳೆ ಬತ್ತಿ ಇಲ್ಲ. ಟೊಮೆಟೊಗೆ ಮದ್ದು ಹೊಡೆದು ಬಂದ ಗಂಡನಿಗೆ ಸ್ನಾನವಾಗುವವರೆಗೆ ಹೊಸ್ತಿಲ ಒಳಗೆ ಪ್ರವೇಶವಿಲ್ಲ.

"ಕಟ್ಕೊಂಡ ಗಂಡನಿಗಿಂತ ಸೀಗಡಿ ಹೆಚ್ಚಾಯ್ತೇನೆ?" ಎಂದು ಅವನು ಅಂಗಳದಿಂದ ಕೂಗಿದ.

"ನೀನು ಮದ್ದು ಕುಡುದ್ರೂ ಸಾಯಲ್ಲ, ಅವು ವಾಸನೆಗೇ ಸಾಯ್ತಾವೆ. ಮೊದ್ಲು ಮೈ ತೊಳ್ಕೋ ಹೋಗು!"

ಐದನೆಯ ದಿನ ಬೆಳಿಗ್ಗೆ ಭಾನು ಚೀರಿದಳು. ಕಲ್ಲಿನ ಮೇಲೆ ಒಂದು ಸೀಗಡಿ ಅಲುಗದೆ ಬಿದ್ದಿತ್ತು, ಬಿಳಿಚಿಕೊಂಡು. "ಮತ್ತೆ ಶುರುವಾಯ್ತು ಅತ್ತೆ," ಎಂದು ಅವಳು ಅಳತೊಡಗಿದಳು. ಪಾರ್ವತಮ್ಮ ಕನ್ನಡಕ ಏರಿಸಿ ಬಗ್ಗಿದಳು. ಬಿದ್ದಿದ್ದರ ಬೆನ್ನು ಸೀಳಿತ್ತು, ಒಳಗೆ ಏನೂ ಇರಲಿಲ್ಲ. ಬೆರಳಿಟ್ಟು ಎಣಿಸಿದಳು. ಪಾಚಿಯಲ್ಲಿ ಮೂರು, ಸ್ಪಂಜಿನ ಮೇಲೆ ನಾಲ್ಕು, ಕಲ್ಲಿನ ಸಂದಿಯಲ್ಲಿ ಮೆತ್ತಗೆ ಅಡಗಿದ ಒಂದು. ಎಂಟೂ ಇದ್ದವು.

"ಅಯ್ಯೋ ನನ್ನವ್ವ, ಸತ್ತಿಲ್ಲ ಕಣಮ್ಮಿ! ಜ್ವರದಿಂದ ಎದ್ದೈತೆ!" ಎಂದು ಪಾರ್ವತಮ್ಮ ಕೈ ತಟ್ಟಿದಳು. ರೇಷ್ಮೆ ಹುಳು ಹಳೆ ತೊಗಲು ಕಳಚಿ ದೊಡ್ಡದಾಗುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. "ನಮ್ ಹುಳ ನಾಕು ಸಲ ಜ್ವರಕ್ಕೆ ಕೂತು ಏಳ್ತಿದ್ವು. ಇದೂ ಅದೇ ಜಾತಿ. ಇದು ಬಿಟ್ಟ ಅಂಗಿ ನೋಡು!"

ಭಾನು ಕಣ್ಣೊರೆಸಿಕೊಂಡು ಅತ್ತೆಯನ್ನು ನೋಡಿದಳು. "ನಿಮಗೆ ಇದೆಲ್ಲ ಗೊತ್ತಾ ಅತ್ತೆ?"

"ಗೊತ್ತಿಲ್ದೆ?" ಎಂದಳು ಪಾರ್ವತಮ್ಮ. ಅಷ್ಟು ದಿನದ ಮೇಲೆ ಅವಳ ಬೆನ್ನು ನೆಟ್ಟಗಾಯಿತು.

ಅಂದೇ ಬೇಲಿಯ ಹತ್ತಿರ ಹೋದಳು. ಮದ್ದು ಕಾಣದ ನಾಲ್ಕು ಹಿಪ್ಪುನೇರಳೆ ಗಿಡ ಇನ್ನೂ ಅಲ್ಲಿದ್ದವು. ತೊಗಲು ಬಿಟ್ಟ ಜೀವಕ್ಕೆ ಹಸಿವು ಹೆಚ್ಚು, ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಎಲೆ ಕಿತ್ತು, ಬಿಸಿನೀರಲ್ಲಿ ಅದ್ದಿ, ಆರಿಸಿ ತೊಟ್ಟಿಗೆ ಬಿಟ್ಟಳು. ಎಂಟೂ ಓಡಿ ಬಂದು ಮುತ್ತಿದವು. ಸಂಜೆಗೆ ಎಲೆಯ ನರ ಮಾತ್ರ ಉಳಿದಿತ್ತು. ಅತ್ತೆ ಸೊಸೆ ಇಬ್ಬರೂ ಸಾರು ಉಕ್ಕುವುದನ್ನೂ ಮರೆತು ನೋಡುತ್ತಾ ಕೂತರು.

ಮುಂದಿನ ತಿಂಗಳು ಎರಡರ ಹೊಟ್ಟೆಯಡಿ ಹಳದಿ ಮೊಟ್ಟೆ. ಅದರ ಮುಂದಿನ ತಿಂಗಳು ಪಾಚಿಯ ತುಂಬ ಎಳ್ಳಿನಷ್ಟು ಮರಿ. ಎಣಿಸಲು ಹೋದ ವೆಂಕಟೇಶಪ್ಪ ನಲವತ್ತಕ್ಕೆ ಸೋತು ಕೈಬಿಟ್ಟು, ಕೊಳಾಯಿ ಹತ್ತಿರ ಹೊಸ ಸುದ್ದಿ ಹರಡಲು ಓಡಿದ.

ಭಾನು ಕಳಿಸಿದ ವಿಡಿಯೊ ನೋಡಿ ಮುನೀಶ ಬೈಕ್ ಹತ್ತಿ ತಾನೇ ಬಂದ. ನಡುಮನೆಯಲ್ಲಿ ಆಗಲೇ ಬೀದಿಯ ಹೆಂಗಸರು ನೆರೆದಿದ್ದರು. ಅವನು ಮಂಡಿಯೂರಿ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದ. "ನನ್ ಅಂಗಡೀಲೇ ಇಷ್ಟು ಕೆಂಪು ಇಲ್ಲ ಮೇಡಂ. ಏನ್ ಹಾಕ್ತೀರಾ? ಯಾವ್ ಮರುಂದು? ಯಾವ ಔಷಧಿ?"

ಭಾನು ಎಲ್ಲರಿಗೂ ಕೇಳುವಂತೆ, ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಎಂದೂ ಮಾತಾಡದವಳು, ಹೇಳಿದಳು: "ಔಷಧಿ ಗೀಷಧಿ ಏನೂ ಇಲ್ಲ ಮುನೀಶಣ್ಣ. ನಮ್ಮತ್ತೆ ಕೈಗುಣ."

ಪಾರ್ವತಮ್ಮನ ಕಣ್ಣು ತುಂಬಿತು. ಅದು ಯಾರಿಗೂ ಕಾಣದಿರಲಿ ಎಂದು ಒಳಗೆ ಹೋಗಿ, ಮಣೆಯ ಮೇಲೆ ನಿಂತು, ಅಟ್ಟದಿಂದ ತಾಮ್ರದ ಬಿಂದಿಗೆ ಇಳಿಸಿದಳು. ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ನೀರು ತುಂಬಿ ತಂದು ಮುನೀಶನ ಮುಂದಿಟ್ಟಳು. ಅವನು ಬಿಂದಿಗೆಯನ್ನೂ ಅವಳನ್ನೂ ನೋಡಿದ.

"ಕುಡಿಯಪ್ಪ," ಎಂದಳು ಪಾರ್ವತಮ್ಮ. "ಇದು ಮನುಷ್ಯರಿಗೆ. ಸೀಗಡಿಗೆ ಬೇರೆ ನೀರು ಇಟ್ಟಿವ್ನಿ."